ಒಂದಕ್ಷರದ ಅಂತರ

ಜೂನ್ ಬಂತೆಂದರೆ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಅಂಗಡಿಗಳಲ್ಲಿ ಬ್ರೌನ್ ಪೇಪರ್, ಲೇಬಲ್, ಜಾಮಿಟ್ರಿ ಬಾಕ್ಸ್ ಕೊಳ್ಳುವವರ ನೂಕುನುಗ್ಗಲು. ಬೋರ್ಡಿನಲ್ಲಿ ‘ಸ್ಟೇಷನರಿ’ ಎಂದು ಕನ್ನಡದಲ್ಲಿ ಬರೆದರೆ ತಕರಾರಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗಲೇ ಫಜೀತಿ. ಕೊನೆಗೆ ‘ಇ, ಆರ್, ವೈ’ ಬಂದರೆ ಪೆನ್ನು, ಕಾಗದ. ‘ಎ, ಆರ್, ವೈ’ ಬಂದರೆ ಕದಲದೆ ನಿಂತದ್ದು. ಸಂಜೆ ನವರಂಗ್ ಸರ್ಕಲ್ಲಿನಲ್ಲಿ ಸಿಕ್ಕಿಕೊಂಡವರಿಗೆ ಈ ಎರಡನೆಯದನ್ನು ಬಿಡಿಸಿ ಹೇಳಬೇಕಿಲ್ಲ, ಬಿಡಿ!

ಆದರೆ ಇವೆರಡೂ ಒಡಹುಟ್ಟಿದ ಪದಗಳೇ. ನಿಲ್ಲುವುದು ಎಂಬ ಅರ್ಥದ ಲ್ಯಾಟಿನ್ ಮೂಲ ಎರಡಕ್ಕೂ ಒಂದೇ. ಮಧ್ಯಯುಗದ ಯುರೋಪಿನಲ್ಲಿ ಎಷ್ಟೋ ವ್ಯಾಪಾರಿಗಳು ಗಂಟು ಹೊತ್ತು ಊರೂರು ಅಲೆಯುತ್ತಿದ್ದರು. ಪುಸ್ತಕ ಮಾರುವವರು ಮಾತ್ರ ಒಂದೇ ಜಾಗದಲ್ಲಿ ಅಂಗಡಿ ಹೂಡಿ ನಿಂತರು. ಅದಕ್ಕೇ ಅವರು ‘ಸ್ಟೇಷನರ್’ ಆದರು. ಲಂಡನ್ನಿನಲ್ಲಿ 1403ರಲ್ಲೇ ಅವರು ಸಂಘ ಕಟ್ಟಿಕೊಂಡಿದ್ದರು. ಅವರ ಅಂಗಡಿಯ ಸರಕು ಮುಂದೆ ಸ್ಟೇಷನರಿ ಎನಿಸಿಕೊಂಡಿತು.

ನಿಮ್ಮ ಬೀದಿಯಲ್ಲೂ ಅಂಥದೊಂದು ಅಂಗಡಿ ಇದ್ದೀತು. ಒಂದೇ ಒಂದು ಪೆನ್ಸಿಲ್ ಕೇಳಿದರೂ ಕೊಡುತ್ತಾರೆ. ಪೆನ್ನು ಕೇಳಿದರೆ ಚೂರು ಕಾಗದ ಮುಂದಿಟ್ಟು, ‘ಗೀಚಿ ನೋಡಿ’ ಎನ್ನುತ್ತಾರೆ. ಮೊಬೈಲಿನಲ್ಲಿ ಆರ್ಡರ್ ಮಾಡುವ ಮುನ್ನ, ಈ ಸಲ ಮಕ್ಕಳ ಕೈಹಿಡಿದು ಅಲ್ಲಿಗೇ ಹೋಗಿಬನ್ನಿ.