ಕಪ್ಪು ಚೌಕಗಳ ತರಗತಿ
(ಸಂಘದ ಯುವವಿಭಾಗದ ಕೂಟದಲ್ಲಿ ಮಾಡಿದ ಭಾಷಣ)



ನೀವು ರಚಿಸಿರುವ ಗಣಕದ ಆಟವನ್ನು ಕುರಿತು ಮುಲಾಜಿಲ್ಲದೆ ಮಾತನಾಡಬೇಕೆಂದು ಕೇಳಿಕೊಂಡಿದ್ದೀರಿ. 2020ರ ಆನ್‌ಲೈನ್ ತರಗತಿಯೊಂದು ಅದರ ರಂಗಭೂಮಿ. ತೆರೆಯ ಮೇಲೆ ನಲವತ್ತು ಕಪ್ಪು ಚೌಕಗಳು; ಸಂಜೆಯಾದರೂ ಮುಗಿಯದ ಪಾಠ; ಒಂದೊಂದಾಗಿ ಮಾಯವಾಗುವ ಹೆಸರುಗಳು.

ಆಟದ ಪೂರ್ವಾರ್ಧ ನಿಜಕ್ಕೂ ಸಮರ್ಥವಾಗಿದೆ. "ಕೇಳಿಸುತ್ತಿದೆಯೇ?" ಎಂದು ಶಿಕ್ಷಕಿ ಕೇಳುತ್ತಾರೆ; ಉತ್ತರವಿಲ್ಲ. ಮಗು ನಿದ್ರಿಸಿದೆಯೋ, ಸಂಪರ್ಕ ಕಡಿದಿದೆಯೋ, ಅಲ್ಲಿ ಯಾರೂ ಇಲ್ಲವೋ ತಿಳಿಯದು. ಈ ಸಂದೇಹವೇ ಭಯದ ಬೇರು. ಆದರೆ ಉತ್ತರಾರ್ಧದಲ್ಲಿ ಕೂದಲು ಕೆದರಿದ ಪ್ರೇತವೊಂದು ಚೀರುತ್ತ ಎರಗಿದೊಡನೆ ಸಂದೇಹ ಕರಗುತ್ತದೆ. ಬೆಚ್ಚಿಬೀಳುವುದು ಬೇರೆ, ಭಯಪಡುವುದು ಬೇರೆ.

ಪ್ರೇತವೇ ಕೂಡದೆಂದು ನನ್ನ ವಾದವಲ್ಲ. ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್ ಸಂಸ್ಥೆ 2017ರಲ್ಲಿ ಹೊರತಂದ 'ಡಿಟೆನ್ಷನ್' ಆಟವೂ ಶಾಲೆಯೊಂದರಲ್ಲೇ ನಡೆಯುತ್ತದೆ; ಅಲ್ಲಿಯೂ ಪ್ರೇತಗಳಿವೆ. ಆದರೆ ಅವು 1960ರ ದಶಕದ ಸೈನಿಕ ಕಾನೂನಿನ ದಿನಗಳಿಂದ, ನಿಷಿದ್ಧ ಪುಸ್ತಕ ಓದಿದವರಿಗೊದಗಿದ ಗತಿಯಿಂದ ಎದ್ದುಬಂದವು. ನಿಮ್ಮ ಪ್ರೇತಕ್ಕೆ ಅಂಥ ಚರಿತ್ರೆಯಿಲ್ಲ.

ಆ ಚರಿತ್ರೆ ದೂರದಲ್ಲೇನೂ ಇಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ ವರದಿಯಂತೆ ಗ್ರಾಮೀಣ ಕುಟುಂಬಗಳಲ್ಲಿ ಶೇ. 4.4ರಷ್ಟಕ್ಕೆ, ನಗರದ ಕುಟುಂಬಗಳಲ್ಲಿ ಶೇ. 23.4ರಷ್ಟಕ್ಕೆ ಮಾತ್ರ ಗಣಕಯಂತ್ರವಿತ್ತು. ಅಂತರ್ಜಾಲ ಸೌಲಭ್ಯವಿದ್ದುದು ಕ್ರಮವಾಗಿ ಶೇ. 14.9 ಮತ್ತು ಶೇ. 42ರಷ್ಟು ಕುಟುಂಬಗಳಿಗೆ. ಇಂಥ ದೇಶದಲ್ಲಿ 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಕರ್ನಾಟಕದಲ್ಲಿ ಆ ವರ್ಷದ ಆಗಸ್ಟಿನಲ್ಲಿ 'ವಿದ್ಯಾಗಮ' ಯೋಜನೆಯಡಿ ಶಿಕ್ಷಕರೇ ಮಕ್ಕಳಿದ್ದೆಡೆಗೆ ಹೋದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಹೀಗಿರುವಾಗ, ಕಪ್ಪು ಚೌಕವಾದರೂ ಇದ್ದ ಮಗು ಭಾಗ್ಯಶಾಲಿಯೇ. ಹಾಜರಿಪುಸ್ತಕದಲ್ಲಿ ಹೆಸರಿದ್ದೂ ತೆರೆಯ ಮೇಲೆ ಚೌಕವೇ ಇಲ್ಲದ ನಲವತ್ತೊಂದನೆಯ ಮಗು ನಿಮ್ಮ ಆಟದಲ್ಲೆಲ್ಲಿ?

ಇನ್ನೊಂದು ಸೂಚನೆ. ಹುಡುಗನೊಬ್ಬ ಧ್ವನಿವರ್ಧಕ ಮುಚ್ಚಲು ಮರೆತಾಗ ಅಜ್ಜಿ ಕನ್ನಡದಲ್ಲಿ ಊಟಕ್ಕೆ ಕರೆಯುವುದು ಕೇಳಿಸುತ್ತದೆ. ಅವನು ಗಾಬರಿಯಿಂದ ಗುಂಡಿ ಒತ್ತುತ್ತಾನೆ. ನೀವು ಇದನ್ನು ನಗೆಗೆಂದು ಇಟ್ಟಿದ್ದೀರಿ. ನನಗೆ ಆಟದಲ್ಲೆಲ್ಲ ಅತ್ಯಂತ ಭಯಾನಕವಾಗಿ ಕಂಡ ಕ್ಷಣ ಇದೇ. ಹೊರನಾಡಿನಲ್ಲಿ ಮನೆಯ ಮಾತು ಶಾಲೆಯ ಹೊಸ್ತಿಲು ದಾಟುವುದೇ ಅಪರೂಪ. ಆ ದಿನಗಳಲ್ಲಿ ಆಕಸ್ಮಿಕವಾಗಿ ದಾಟಿತು. ಮಗು ತನ್ನ ಕೈಯಿಂದಲೇ ಅದರ ಬಾಯಿ ಮುಚ್ಚಿತು. ಆ ನಾಚಿಕೆಯನ್ನು ಅದಕ್ಕೆ ಕಲಿಸಿದವರು ಯಾರು? ಈ ಪ್ರಶ್ನೆಯಿಂದ ಸಂಘದ ಹಿರಿಯರಾದ ನಾವೂ ತಪ್ಪಿಸಿಕೊಳ್ಳಲಾರೆವು.

ಆದ್ದರಿಂದ ಚೀರಾಟವನ್ನು ಕೈಬಿಡಿ. ಅಜ್ಜಿಯ ದನಿ ಕೊಂಚ ಹೆಚ್ಚು ಹೊತ್ತು ಕೇಳಿಸಲಿ. ಕೊನೆಯಲ್ಲಿ ಶಿಕ್ಷಕಿ ನಲವತ್ತೊಂದನೆಯ ಹೆಸರನ್ನು ಕರೆಯಲಿ. ಉತ್ತರ ಬಾರದಿದ್ದರೂ ಆಟವನ್ನು ಕೂಡಲೇ ಮುಗಿಸಬೇಡಿ. ಆಡುವವರು ಒಂದಿಷ್ಟು ಹೊತ್ತು ಕಾಯಲಿ.