ಪಾಪ, ಪಾಪಿ, ಪಾಪದವರು



ನಮ್ಮ ಅಜ್ಜಿ ಪ್ರತಿ ಭಾನುವಾರ ಆರಾಧನೆಯಲ್ಲಿ ಮೊಣಕಾಲೂರಿ, ತಾನು ಪಾಪಿ ಎಂದು ದೇವರ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದರು. ಅದೇ ಅಜ್ಜಿ ಮನೆಗೆ ಬಂದ ಮೇಲೆ, ಹಿತ್ತಲಲ್ಲಿ ತೆಂಗಿನ ಮಡಲು ಹೆಣೆಯಲು ಬರುತ್ತಿದ್ದ ಹೆಂಗಸಿಗೆ ಗಂಜಿ ಬಡಿಸುತ್ತ, ‘ಅವಳು ಪಾಪದವಳು’ ಅನ್ನುತ್ತಿದ್ದರು. ಮಗುವಾಗಿದ್ದ ನನಗೆ ಇದು ಅರ್ಥವಾಗುತ್ತಿರಲಿಲ್ಲ. ಪಾಪಿ ಅಂದರೆ ತಪ್ಪು ಮಾಡಿದವಳು. ಹಾಗಾದರೆ ಪಾಪದವಳು ಏನು ಮಾಡಿದ್ದಾಳೆ? ಏನೂ ಮಾಡಿಲ್ಲ ಎಂದು ತಿಳಿಯಲು ಕೆಲವು ವರ್ಷ ಬೇಕಾಯಿತು. ನಮ್ಮ ಕರಾವಳಿಯಲ್ಲಿ ಪಾಪದವರು ಅಂದರೆ ಬಡವರು, ಮುಗ್ಧರು, ಬಾಯಿಲ್ಲದವರು. ಘಟ್ಟದ ಮೇಲೂ ಬಿದ್ದ ಮಗುವನ್ನು ಕಂಡರೆ ‘ಅಯ್ಯೋ ಪಾಪ’ ಅನ್ನುತ್ತೇವೆ, ದೂಡಿದವನನ್ನು ಕಂಡಲ್ಲ. ಕನ್ನಡದಲ್ಲಿ ಈ ಒಂದು ಪದ ಕೆಡುಕು ಮಾಡಿದವನ ಕಡೆಗೂ ಕೈ ತೋರಿಸುತ್ತದೆ, ಕೆಡುಕನ್ನು ಉಂಡವನ ಕಡೆಗೂ ತೋರಿಸುತ್ತದೆ.

ಎರಡು ದಿನ ನಾವು ಇಲ್ಲಿ ಪಾಪ ಮತ್ತು ಪ್ರಾಯಶ್ಚಿತ್ತದ ಬಗ್ಗೆ ಮಾತಾಡಲಿದ್ದೇವೆ. ನಾನು ಮುಂದಿಡುವುದು ಒಂದೇ ಮಾತು. ಕ್ರೈಸ್ತ ದೈವಶಾಸ್ತ್ರ ಪಾಪಿಯ ಬಗ್ಗೆ ಬಹಳ ಆಳವಾಗಿ ಯೋಚಿಸಿದೆ, ಪಾಪದವರ ಬಗ್ಗೆ ಅಷ್ಟು ಯೋಚಿಸಿಲ್ಲ. ಬೈಬಲ್ ಮಾತ್ರ ಮೊದಲಿನಿಂದಲೂ ಇಬ್ಬರನ್ನೂ ಜೊತೆಗೇ ಹಿಡಿದುಕೊಂಡಿದೆ.

ಹೀಬ್ರೂ ಭಾಷೆಯಲ್ಲಿ ಪಾಪ ಎನ್ನಲು ಹೆಚ್ಚಾಗಿ ಬಳಸುವ ಧಾತುವಿಗೆ ಗುರಿ ತಪ್ಪುವುದು ಎಂಬ ಅರ್ಥವೂ ಉಂಟು. ನ್ಯಾಯಸ್ಥಾಪಕರ ಗ್ರಂಥದಲ್ಲಿ ಬೆನ್ಯಾಮೀನ ಕುಲದ 700 ಮಂದಿ ಎಡಗೈಯವರ ಪ್ರಸ್ತಾಪ ಬರುತ್ತದೆ. ಕೂದಲೆಳೆಗೆ ಗುರಿಯಿಟ್ಟು ಕವಣೆ ಬೀಸಿದರೂ ಅವರ ಕಲ್ಲು ತಪ್ಪುತ್ತಿರಲಿಲ್ಲವಂತೆ. ಅಲ್ಲಿ ‘ತಪ್ಪು’ ಎನ್ನುವುದಕ್ಕೆ ಬಂದಿರುವುದು ಅದೇ ಧಾತು. ಗ್ರೀಕಿನ ‘ಹಮಾರ್ತಿಯ’ ಕೂಡ ಹಾಗೆಯೇ. ಕಾವ್ಯಮೀಮಾಂಸೆ ಓದಿದವರಿಗೆ ಅದು ಅರಿಸ್ಟಾಟಲನ ದುರಂತ ನಾಯಕನ ದೋಷವಾಗಿ ಪರಿಚಯ. ಪೌಲನ ಪತ್ರಗಳಲ್ಲಿ ಅದೇ ಪದ ಮನುಷ್ಯರನ್ನು ಆಳುವ ಒಂದು ಶಕ್ತಿಯಾಗಿ ಬೆಳೆದು ನಿಲ್ಲುತ್ತದೆ. ಗುರಿ ತಪ್ಪುವ ಈ ರೂಪಕವನ್ನು ನಾವು ಪ್ರಸಂಗಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳಿದಾಗಲೆಲ್ಲ ನನಗೆ ಒಂದು ವಿಷಯ ಚುಚ್ಚುತ್ತದೆ. ಗುರಿ ತಪ್ಪಿದ ಕಲ್ಲು ಗಾಳಿಯಲ್ಲಿ ಮಾಯವಾಗುವುದಿಲ್ಲ. ಎಲ್ಲೋ ಬೀಳುತ್ತದೆ, ಯಾರ ಮೇಲೋ ಬೀಳುತ್ತದೆ.

ಪಾಪ ಎಂದರೆ ಏದೆನ್ ತೋಟದ ಹಣ್ಣು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ಪಾಪ ಎಂಬ ಪದವೇ ಇಲ್ಲ. ಅದು ಮೊದಲ ಬಾರಿಗೆ ಬರುವುದು ನಾಲ್ಕನೆಯ ಅಧ್ಯಾಯದಲ್ಲಿ, ಕಾಯಿನನ ಕಥೆಯಲ್ಲಿ, ಬಾಗಿಲ ಬಳಿ ಹೊಂಚು ಹಾಕಿ ಕೂತ ಮೃಗದಂತೆ. ಮುಂದಿನ ವಾಕ್ಯದಲ್ಲೇ ತಮ್ಮ ಹೇಬೆಲ ಹೊಲದಲ್ಲಿ ಹೆಣವಾಗಿ ಬೀಳುತ್ತಾನೆ. ಕೊಲೆಯಾದ ಮೇಲೆ ದೇವರು ಕಾಯಿನನ ಮನಸ್ಸಿನ ಸ್ಥಿತಿಯನ್ನು ವಿಚಾರಿಸುವುದಿಲ್ಲ. ತಮ್ಮ ಎಲ್ಲಿ ಎಂದು ಕೇಳುತ್ತಾನೆ. ಆ ಇಡೀ ಕಥೆಯಲ್ಲಿ ಹೇಬೆಲನಿಗೆ ಒಂದು ಮಾತೂ ಇಲ್ಲ, ಮಾತಾಡುವುದು ನೆಲಕ್ಕೆ ಬಿದ್ದ ಅವನ ರಕ್ತ. ಪಾಪ ಎಂಬ ಪದ ಬೈಬಲಿಗೆ ಬಂದದ್ದು ಒಬ್ಬ ಪಾಪದವನ ಜೊತೆಯಲ್ಲಿ.

ಇದರ ಪಕ್ಕದಲ್ಲಿ ಸಂತ ಅಗಸ್ಟೀನರನ್ನು ಇಟ್ಟು ನೋಡಿ. ಈಗಿನ ಅಲ್ಜೀರಿಯಾದ ತಗಾಸ್ತೆ ಎಂಬ ಊರಿನಲ್ಲಿ 16 ವರ್ಷದ ಹುಡುಗನಾಗಿದ್ದಾಗ, ಗೆಳೆಯರ ಜೊತೆ ರಾತ್ರಿ ಹೋಗಿ ಒಂದು ಮರದ ಮರಸೇಬುಗಳನ್ನು ಕದ್ದದ್ದನ್ನು ಅವರು ತಮ್ಮ ‘ಕನ್ಫೆಷನ್ಸ್’ನಲ್ಲಿ ನೆನೆಯುತ್ತಾರೆ. ಹಸಿವಿನಿಂದ ಕದ್ದದ್ದಲ್ಲ. ಹಣ್ಣುಗಳಲ್ಲಿ ಬಹಳಷ್ಟನ್ನು ಹಂದಿಗಳಿಗೆ ಎಸೆದರು. ಕೆಡುಕು ಕೆಡುಕಾಗಿಯೇ ಏಕೆ ರುಚಿಸಿತು ಎಂದು ಅವರು ತಮ್ಮೊಳಗನ್ನು ಬಗೆದು ನೋಡುವ ಆ ಪುಟಗಳಷ್ಟು ಪ್ರಾಮಾಣಿಕವಾದ ಬರಹ ಅಪರೂಪ, ಪ್ರತಿ ಸಲ ಓದಿದಾಗಲೂ ನಾನು ತಲೆಬಾಗಿದ್ದೇನೆ. ಆದರೆ ಆ ಮರ ಯಾರದು? ಬೆಳಗಾದ ಮೇಲೆ ಬರಿದಾದ ಕೊಂಬೆಗಳನ್ನು ನೋಡಿದವರು ಯಾರು? ಅಗಸ್ಟೀನರು ಆ ಕಡೆ ತಿರುಗುವುದಿಲ್ಲ. ಪಶ್ಚಿಮದ ದೈವಶಾಸ್ತ್ರ ಸಾವಿರ ವರ್ಷಕ್ಕೂ ಮಿಕ್ಕಿ ಅವರ ಹಿಂದೆ ನಡೆಯಿತು, ಮರದ ಒಡೆಯನನ್ನು ಬಿಟ್ಟೇ ನಡೆಯಿತು.

ಇನ್ನು ಪ್ರಾಯಶ್ಚಿತ್ತ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಅಲ್ಲಿಂದ ಮುಂದೆ ನಾವು ಕನ್ನಡ ಕ್ರೈಸ್ತರು ನಮಗಿಂತ ಬಹಳ ಹಿರಿಯ ಪದಗಳಲ್ಲಿ ಪ್ರಾರ್ಥಿಸುತ್ತ ಬಂದಿದ್ದೇವೆ. ಪ್ರಾಯಶ್ಚಿತ್ತ ಅಂಥ ಪದ. ಕನ್ನಡದಲ್ಲಿ ಪ್ರಾಯಶ್ಚಿತ್ತವನ್ನು ‘ಮಾಡಿಕೊಳ್ಳುತ್ತೇವೆ’. ತಪ್ಪು ಮಾಡಿದವನೇ ತನಗಾಗಿ ಮಾಡಿಕೊಳ್ಳುವ ಕೆಲಸ ಅದು. ಕ್ರೈಸ್ತ ನಂಬಿಕೆ ಹೇಳುವುದು ಇದಕ್ಕೆ ತದ್ವಿರುದ್ಧ: ಅದು ಮಾಡಿಕೊಂಡದ್ದಲ್ಲ, ದೇವರು ಕ್ರಿಸ್ತನಲ್ಲಿ ಮಾಡಿಕೊಟ್ಟದ್ದು. ‘ಕೊಳ್ಳು’ ಹೋಗಿ ‘ಕೊಡು’ ಬಂದಿತು. ನಮ್ಮ ಭಾಷೆಯ ಈ ಎರಡು ಸಹಾಯಕ ಕ್ರಿಯಾಪದಗಳ ನಡುವೆ ಇಡೀ ಕೃಪೆಯ ಸಿದ್ಧಾಂತ ಅಡಗಿದೆ ಎಂದು ನಾನು ನಂಬುತ್ತೇನೆ. ಕನ್ನಡದಲ್ಲಿ ದೈವಶಾಸ್ತ್ರ ಓದುವ ವಿದ್ಯಾರ್ಥಿಗಳು ಇದನ್ನು ಹಿಡಿದು ಒಂದು ಪ್ರಬಂಧ ಬರೆಯಬೇಕು ಎಂಬುದು ನನ್ನ ಬಹುದಿನದ ಆಸೆ.

ಆದರೆ ಪದದ ಜೊತೆಗೆ ಅದರ ಚರಿತ್ರೆಯೂ ಬರುತ್ತದೆ. ಮನುಸ್ಮೃತಿಯ 11ನೆಯ ಅಧ್ಯಾಯ ಪ್ರಾಯಶ್ಚಿತ್ತಗಳನ್ನು ವಿಧಿಸುತ್ತದೆ. ಬ್ರಾಹ್ಮಣನನ್ನು ಕೊಂದದ್ದಕ್ಕೆ ಪೂರ್ತಿ ಪ್ರಾಯಶ್ಚಿತ್ತ, ಕ್ಷತ್ರಿಯನಾದರೆ ಅದರ ಕಾಲು ಭಾಗ, ವೈಶ್ಯನಾದರೆ ಎಂಟನೆಯ ಒಂದು, ಶೂದ್ರನಾದರೆ ಹದಿನಾರನೆಯ ಒಂದು. ಸತ್ತವನ ಅಂತಸ್ತು ಇಳಿದಂತೆ ಪಾಪವೂ ಹಗುರವಾಗುತ್ತದೆ.

ಇದನ್ನು ಬೇರೊಂದು ಧರ್ಮದ ಕಡೆ ಬೆರಳು ಮಾಡಲು ನಾನು ಹೇಳುತ್ತಿಲ್ಲ. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮರ ಕಡೆಗೆ ಬರಲು ಹೇಳಿದೆ. 1098ರಲ್ಲಿ, ಇಂಗ್ಲೆಂಡಿನ ಅರಸನೊಡನೆ ವಿರಸ ಬಂದು ಇಟಲಿಯಲ್ಲಿದ್ದಾಗ, ಅವರು ‘ಕೂರ್ ದೇವುಸ್ ಹೋಮೊ’ ಎಂಬ ಗ್ರಂಥವನ್ನು ಮುಗಿಸಿದರು. ದೇವರು ಮನುಷ್ಯನಾದದ್ದೇಕೆ ಎಂಬುದು ಆ ಲ್ಯಾಟಿನ್ ಹೆಸರಿನ ಅರ್ಥ. ಬೋಸೋ ಎಂಬ ಶಿಷ್ಯ ಕೇಳುತ್ತಾನೆ, ಗುರು ಉತ್ತರಿಸುತ್ತಾರೆ. ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಇರುವುದೇ ಪಾಪ. ಅವಮಾನಗೊಂಡವನು ಎಷ್ಟು ದೊಡ್ಡವನೋ ಅಪರಾಧ ಅಷ್ಟು ದೊಡ್ಡದು, ದೇವರು ಅಪಾರನಾದ್ದರಿಂದ ಸಾಲವೂ ಅಪಾರ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರೊಬ್ಬನೇ. ಆದ್ದರಿಂದ ದೇವರೂ ಮನುಷ್ಯನೂ ಆದ ಒಬ್ಬನೇ ಅದನ್ನು ತೀರಿಸಬೇಕು. ತರ್ಕದ ಕಟ್ಟಡವಾಗಿ ಇದು ಭವ್ಯವಾಗಿದೆ. ಸೈತಾನನಿಗೆ ದೇವರು ಒತ್ತೆಹಣ ಕೊಟ್ಟ ಎಂಬ ಹಳೆಯ ವಿವರಣೆಯಿಂದ ಅದು ಸಭೆಯನ್ನು ಬಿಡಿಸಿತು. ಆದರೂ ಊಳಿಗಮಾನ್ಯ ಕಾಲದ ಆ ಅಳತೆಗೋಲನ್ನು ಮನುಷ್ಯರ ನಡುವೆ ತಂದಿಟ್ಟರೆ ಏನಾಗುತ್ತದೆ ನೋಡಿ. ನೊಂದವರ ದೊಡ್ಡಸ್ತಿಕೆಯಿಂದ ಪಾಪದ ತೂಕ ನಿಗದಿಯಾಗುವುದಾದರೆ, ಪಾಪದವರಿಗೆ ಮಾಡಿದ ಕೆಡುಕಿಗೆ ತೂಕವೇ ಇಲ್ಲ. ಆನ್ಸೆಲ್ಮರು ಇದನ್ನು ಹೇಳಲಿಲ್ಲ, ಹೇಳುತ್ತಲೂ ಇರಲಿಲ್ಲ. ಆದರೆ ಜಾತಿಯ ನಾಡಿನಲ್ಲಿ ಅವರನ್ನು ಓದುವ ನಾವು ಕಣ್ಣು ಮುಚ್ಚಿಕೊಂಡು ಓದಲಾಗದು.

ಅವರ ನಂತರದ ಪೀಟರ್ ಅಬೆಲಾರ್ಡ್ ಶಿಲುಬೆಯನ್ನು ನಮ್ಮ ಹೃದಯ ಕರಗಿಸುವ ಪ್ರೀತಿಯೆಂದು ಓದಿದ, ಕಾನೂನು ಓದಿದ್ದ ಕ್ಯಾಲ್ವಿನ್ ಅದನ್ನು ದಂಡನೆಯೆಂದು ಓದಿದ, 1930ರಲ್ಲಿ ಸ್ವೀಡನ್ನಿನ ಗುಸ್ತಾಫ್ ಔಲೆನ್ ಆದಿ ಸಭೆಯ ವಿಜಯದ ನೋಟವನ್ನು ಮತ್ತೆ ಮೇಲೆತ್ತಿದರು. ಇವೆಲ್ಲ ನಾಳಿನ ಪ್ರಬಂಧಗಳಲ್ಲಿ ವಿವರವಾಗಿ ಬರಲಿವೆ. ಒಂದನ್ನು ಮಾತ್ರ ನೆನಪಿಸುತ್ತೇನೆ. ಕ್ರಿಸ್ತನ ಸ್ವರೂಪದ ಬಗ್ಗೆ ನೈಸಿಯ, ಕಾಲ್ಸೆಡಾನ್ ಮಹಾಸಭೆಗಳು ನಿರ್ಣಯ ಮಾಡಿದವು. ಶಿಲುಬೆ ನಮ್ಮನ್ನು ಹೇಗೆ ಬಿಡಿಸುತ್ತದೆ ಎಂಬ ಬಗ್ಗೆ ಆದಿ ಸಭೆಯ ಯಾವ ಮಹಾಸಭೆಯೂ ಒಂದೇ ಸಿದ್ಧಾಂತವನ್ನು ವಿಧಿಸಲಿಲ್ಲ. ಹಾಗಾಗಿ ಇಲ್ಲಿ ಹೊಸದಾಗಿ ಯೋಚಿಸುವವರು ನಂಬಿಕೆಯ ಗಡಿ ದಾಟುತ್ತಿಲ್ಲ.

ವಿಮೋಚನಕಾಂಡದ ಒಂದು ಕಾನೂನನ್ನು ನೋಡೋಣ. ಎತ್ತು ಹಾಯ್ದು ದಾಸನೋ ದಾಸಿಯೋ ಸತ್ತರೆ, ಎತ್ತಿನ ಒಡೆಯ 30 ಶೆಕೆಲ್ ಬೆಳ್ಳಿ ಕೊಡಬೇಕು, ಅದೂ ದಾಸನ ಯಜಮಾನನಿಗೆ. ನಮ್ಮ ಗ್ರಂಥದಲ್ಲೂ ಜೀವಕ್ಕೆ ದರಪಟ್ಟಿ ಇತ್ತು. ಮತ್ತಾಯನ ಸುವಾರ್ತೆಯಲ್ಲಿ ಯೂದನ ಕೈಗೆ ಎಣಿಸಿ ಕೊಟ್ಟ ಬೆಳ್ಳಿ ನಾಣ್ಯಗಳೂ ಮೂವತ್ತೇ. ಯೇಸುವಿಗೆ ಕಟ್ಟಿದ ಬೆಲೆ ಎತ್ತು ಹಾಯ್ದು ಸತ್ತ ದಾಸನ ಬೆಲೆ. ಅವನಿಗೆ ಸಿಕ್ಕ ಶಿಲುಬೆಯೂ ರೋಮಿನವರು ಮುಖ್ಯವಾಗಿ ದಾಸರಿಗೆ, ದಂಗೆಯೆದ್ದವರಿಗೆ ಇಟ್ಟಿದ್ದ ಸಾವು. ಆತ ಪಾಪಿಗಳ ಬದಲಿಗೆ ನಿಂತ ಎಂದು ನಾವು ಸಾರುತ್ತೇವೆ, ಸರಿಯಾಗಿಯೇ ಸಾರುತ್ತೇವೆ. ಆದರೆ ಆತ ನಿಂತದ್ದು ಪಾಪದವರ ಸಾಲಿನಲ್ಲಿ, ಅವರ ದರಕ್ಕೆ. ನನ್ನ ಅಜ್ಜಿಯ ಎರಡು ಪದಗಳು ಒಂದಾಗುವ ಜಾಗ ಆ ಶಿಲುಬೆ ನೆಟ್ಟ ಗೊಲ್ಗೊಥಾ.

ಹೀಗೆ ನೋಡಿದಾಗ ಪಶ್ಚಾತ್ತಾಪದ ನಮ್ಮ ರೂಢಿಗಳೂ ಪ್ರಶ್ನೆಗೆ ಒಳಗಾಗುತ್ತವೆ. 51ನೆಯ ಕೀರ್ತನೆಯನ್ನು ದಾವೀದನದೆಂದು ಓದುತ್ತೇವೆ. ಬತ್ಷೆಬೆಯನ್ನು ಅರಮನೆಗೆ ಕರೆಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ತಳ್ಳಿ ಕೊಲ್ಲಿಸಿದವನು, ತಾನು ಪಾಪ ಮಾಡಿದ್ದು ದೇವರೊಬ್ಬನಿಗೇ ಎಂದು ಅಲ್ಲಿ ಅರಿಕೆ ಮಾಡುತ್ತಾನೆ. ತಪಸ್ಸುಕಾಲದಲ್ಲಿ ಆ ಕೀರ್ತನೆ ಹೇಳುವಾಗ ನನ್ನ ಗಂಟಲು ಅಲ್ಲಿ ಹಿಡಿಯುತ್ತದೆ. ಊರೀಯನ ಹೆಸರು ಎಲ್ಲಿ? ಜಕ್ಕಾಯ ಮಾಡಿದ್ದು ಹಾಗಲ್ಲ. ಯೆರಿಕೋವಿನ ಆ ಸುಂಕದ ಅಧಿಕಾರಿ ಯೇಸುವಿನ ಎದುರು ನಿಂತು ತನ್ನ ಮನಸ್ಸಿನ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಹೋದವರಿಗೆ ನಾಲ್ಕರಷ್ಟು ಎಂದು ಲೆಕ್ಕ ಹೇಳುತ್ತಾನೆ. ಯೇಸು ಆ ಮನೆಗೆ ರಕ್ಷಣೆ ಬಂತೆನ್ನುವುದು ಆ ಲೆಕ್ಕ ಕೇಳಿದ ಮೇಲೆ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಒಂದು ದೇಶವೇ ಈ ಪ್ರಶ್ನೆಯನ್ನು ಎದುರಿಸಿತು. ದಕ್ಷಿಣ ಆಫ್ರಿಕಾದ ಸತ್ಯ ಮತ್ತು ಸಮನ್ವಯ ಆಯೋಗ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ 1996ರ ಏಪ್ರಿಲ್‌ನಲ್ಲಿ ಬಹಿರಂಗ ವಿಚಾರಣೆ ಆರಂಭಿಸಿತು. ಮೊದಲು ಮಾತಾಡಲು ಕೂರಿಸಿದ್ದು ನೊಂದವರನ್ನು, ಅವರವರ ಭಾಷೆಯಲ್ಲಿ. ಮೊದಲ ದಿನಗಳಲ್ಲೇ ಟುಟು ಮೇಜಿಗೆ ತಲೆಯಿಟ್ಟು ಅತ್ತರು. ಆಯೋಗಕ್ಕೆ 7,112 ಕ್ಷಮಾದಾನದ ಅರ್ಜಿಗಳು ಬಂದವು, 849 ಮಂದಿಗೆ ಕ್ಷಮೆ ಸಿಕ್ಕಿತು. ಕೃತ್ಯ ರಾಜಕೀಯ ಉದ್ದೇಶದ್ದಾಗಿರಬೇಕು, ನಡೆದದ್ದನ್ನೆಲ್ಲ ಹೇಳಬೇಕು ಎಂಬ ಷರತ್ತುಗಳಿದ್ದವು. ಪಶ್ಚಾತ್ತಾಪ ಪಡಲೇಬೇಕೆಂದು ಇರಲಿಲ್ಲ. ಕ್ಷಮೆ ಪಡೆದವರು ಅಂದೇ ಹಗುರಾದರು. ನೊಂದವರಿಗೆ ಅಂತಿಮ ಪರಿಹಾರ ಘೋಷಣೆಯಾದದ್ದು 2003ರಲ್ಲಿ, ತಲಾ 30,000 ರ‍್ಯಾಂಡ್, ಆಯೋಗ ಶಿಫಾರಸು ಮಾಡಿದ್ದಕ್ಕಿಂತ ಬಹಳ ಕಡಿಮೆ. ಟುಟು ಅವರ ಮೇಲೆ ನನಗೆ ಅಪಾರ ಗೌರವ. ಆ ಆಯೋಗ ನಡೆಯದೆ ಹೋಗಿದ್ದರೆ ಆ ದೇಶ ಏನಾಗುತ್ತಿತ್ತೋ ಎಂದು ಹೆದರಿಕೆಯೂ ಆಗುತ್ತದೆ. ಆದರೂ ಪಾಪಿ ಬೇಗ ಬಿಡುಗಡೆಯಾಗಿ, ಪಾಪದವರು ವರ್ಷಗಟ್ಟಲೆ ಬಾಗಿಲಲ್ಲಿ ಕಾದರಲ್ಲ, ಅದು ಕ್ರೈಸ್ತ ದೈವಶಾಸ್ತ್ರದ ಹಳೆಯ ಗಾಯವೇ ಬೇರೆ ಜಾಗದಲ್ಲಿ ಒಸರಿದ್ದು.

ನಮ್ಮಲ್ಲೂ ಆ ಗಾಯ ಇದೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಒಂದು ಭಾಷಣದಿಂದ ದಲಿತ ದೈವಶಾಸ್ತ್ರ ದಾರಿ ಹಿಡಿಯಿತು. ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ತತ್ತ್ವಜ್ಞಾನದೊಡನೆ ಸಂವಾದ ಮಾಡುತ್ತ, ಸಭೆಯಲ್ಲಿ ಕೂತ ಬಹುಸಂಖ್ಯಾತರ ನೋವನ್ನು ಕೇಳಿಸಿಕೊಳ್ಳಲಿಲ್ಲ ಎಂಬುದು ಅವರ ಆರೋಪ. ಅದಕ್ಕೆ ಈವರೆಗೆ ಪೂರ್ತಿ ಉತ್ತರ ಕೊಟ್ಟಿಲ್ಲ ಎಂದೇ ನನ್ನ ಭಾವನೆ. ತಲೆಮಾರುಗಳಿಂದ ಅವಮಾನ ಉಂಡವರನ್ನು ನಿಲ್ಲಿಸಿ, ನೀನು ಪಾಪಿ ಎಂಬ ಒಂದನ್ನೇ ಸಾರಿದರೆ ಅದು ಸುವಾರ್ತೆಯಾಗುತ್ತದೆಯೇ? ಗಂಡನ ಕೈಯಲ್ಲಿ ಪೆಟ್ಟು ತಿಂದು ಬಂದ ಹೆಂಗಸಿಗೆ, ಕ್ರಿಸ್ತನು ನಿನ್ನನ್ನು ಕ್ಷಮಿಸಿದಂತೆ ನೀನೂ ಕ್ಷಮಿಸಮ್ಮ ಎಂದು ಹೇಳಿ ಮನೆಗೆ ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಿನ ನಾನೂ ಸುಮ್ಮನಿದ್ದೆ.

ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಹೇಳುವ ಒಂದು ಸನ್ನಿವೇಶ ಇದೆ. ಒಬ್ಬ ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಿದ್ದಾನೆ. ಸಹೋದರನಿಗೆ ತನ್ನ ಮೇಲೆ ಏನೋ ದೂರು ಇದೆ ಎಂದು ಅಲ್ಲಿ ನೆನಪಾಗುತ್ತದೆ. ತನಗೆ ಸಹೋದರನ ಮೇಲಲ್ಲ, ಸಹೋದರನಿಗೆ ತನ್ನ ಮೇಲೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಅವನು ಹೊರಡಬೇಕು. ಕೇಳುತ್ತಿದ್ದವರು ಗಲಿಲಾಯದಲ್ಲಿದ್ದರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ದೂರ, ಹಲವು ದಿನಗಳ ನಡಿಗೆ. ಅವನು ಊರಿಗೆ ನಡೆದು ಹೋಗಿ, ಆ ಮನೆಯ ಬಾಗಿಲು ತಟ್ಟಿ, ಒಳಗಿನವರು ಹೇಳುವುದನ್ನೆಲ್ಲ ಕೇಳಿಸಿಕೊಂಡು ಮತ್ತೆ ಬರುವವರೆಗೂ ಕಾಣಿಕೆ ಅಲ್ಲೇ ಇರುತ್ತದೆ, ಯಾಜಕ ಕಾಯುತ್ತಿರುತ್ತಾನೆ. ಆ ಬಾಗಿಲಲ್ಲಿ ನಡೆಯುವ ಮಾತಿಗೂ ಈ ಯಜ್ಞವೇದಿಯ ಮೇಲಿನ ರಕ್ತಕ್ಕೂ ಏನು ಸಂಬಂಧ? ಇನ್ನು ಅರ್ಧ ಗಂಟೆಯಲ್ಲಿ ಆರಂಭವಾಗುವ ಮೊದಲ ಗೋಷ್ಠಿಯನ್ನು ಅಲ್ಲಿಂದ ಶುರು ಮಾಡಬೇಕೆಂದು ಪ್ರಬಂಧಕಾರರಲ್ಲಿ ಕೇಳಿಕೊಳ್ಳುತ್ತೇನೆ.