ಅಪ್ಪನ ಕನ್ನಡ ಗುಜರಿಗೆ ಹೋಗದಿರಲಿ!
(ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತು ವರ್ಷದ ಹಿಂದೆ ನಿಮ್ಮಪ್ಪ 'ನುಡಿ'ಯಲ್ಲೋ 'ಬರಹ'ದಲ್ಲೋ ಟೈಪು ಮಾಡಿಟ್ಟ ಕಡತವನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಗೀಚು ಕಂಡೀತು! ವೈರಸ್ಸೆಂದು ಅಳಿಸಬೇಡಿ. ಆಗಿನ ಫಾಂಟುಗಳಲ್ಲಿ ನಮ್ಮ ಅಕ್ಷರ ಇಂಗ್ಲಿಷಿನ ಮನೆಯಲ್ಲಿ ಬಾಡಿಗೆಗಿತ್ತು. ಫಾಂಟು ಇಲ್ಲದಿದ್ದರೆ ಕನ್ನಡವೂ ಮಾಯ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದೆ. ಒಳಗೆ ಹೋಗಬೇಕಾದವರು ನಾವು.

ಮಾಡಬೇಕಾದ್ದು ಇಷ್ಟೇ. ಮೊದಲು ಮೂಲ ಕಡತದ ನಕಲನ್ನು ಪೆನ್‌ಡ್ರೈವಿಗೆ ಹಾಕಿ. ಬಳಿಕ ನುಡಿ, ಬರಹಗಳ ಪರಿವರ್ತಕದಿಂದಲೇ ಅದನ್ನು ಯೂನಿಕೋಡಿಗೆ ಬದಲಿಸಿ. ಒತ್ತಕ್ಷರ, ಅರ್ಕಾವತ್ತು ಸರಿಯಾಗಿ ಕೂತಿವೆಯೇ ಎಂದು ಸಾಲುಸಾಲಾಗಿ ಓದಿ.

ಹಳೆಯ ಯಂತ್ರವನ್ನು ಗುಜರಿಯವನಿಗೆ ಕೊಡುವ ಮುನ್ನ ಈ ಕೆಲಸ ಮುಗಿಸಿ. ಇವತ್ತೇ ಶುರುಮಾಡಿ!